ಎಪ್ಪತ್ತೆಂಟನೆಯ ಮೀಟರು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಲೆಕ್ಕದಮ್ಮ ಕಡಲತೀರದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು, ಕೊನೆಯ ಮೆಟ್ಟಿಲ ಮೇಲೆ ನಿಂತು, ಎಡಗೈಯನ್ನು ಸೊಂಟಕ್ಕೆ ಕೊಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆಯ ತಲೆಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕು ಬರೆದಳು. ಅದು ನೂರಾ ಮೂವತ್ತನಾಲ್ಕನೆಯ ಹಾಳೆ. ತಿಂಗಳಿಗೊಂದರಂತೆ ಹನ್ನೊಂದು ವರ್ಷ ಎರಡು ತಿಂಗಳು.

ನಗರಸಭೆಯ ಪ್ರಯೋಗಾಲಯದಲ್ಲಿ ಅವಳ ಹುದ್ದೆ ಸಹಾಯಕಿ. ಆದರೆ ತೀರದಲ್ಲಿ ಕೊಡೆ, ಕುರ್ಚಿ ಬಾಡಿಗೆಗೆ ಕೊಡುವವನು ಮೊದಲ ವರ್ಷವೇ, "ಬಂದಳಪ್ಪಾ ಲೆಕ್ಕದಮ್ಮ, ಸಿಗರೇಟು ಜೇಬಿಗೆ ಹಾಕ್ಕೊಳ್ರೋ" ಎಂದು ಕೂಗಿದ್ದ. ಹೆಸರು ಅಂಟಿಕೊಂಡಿತು. ಕೆಲಸ ಹೇಳುವುದಕ್ಕೆ ಸುಲಭ. ಹಳದಿ ಬಳಿದ ಎರಡು ಗೂಟಗಳ ನಡುವಿನ ನೂರು ಮೀಟರಿನಲ್ಲಿ, ನೀರಿನ ಅಂಚಿನಿಂದ ಕಲ್ಲುಗೋಡೆಯವರೆಗೆ, ಪ್ರವಾಸಿಗಳು ಬಿಟ್ಟುಹೋದದ್ದನ್ನೆಲ್ಲ ಇಕ್ಕಳದಿಂದ ಎತ್ತಿ ಚೀಲಕ್ಕೆ ಹಾಕುವುದು. ಬಾಟಲಿ, ಮುಚ್ಚಳ, ಸ್ಟ್ರಾ, ಸಿಗರೇಟು ತುದಿ, ಚಪ್ಪಲಿ ಎಂದು ಹಾಳೆಯ ಬೇರೆ ಬೇರೆ ಮನೆಗಳಲ್ಲಿ ಗೀಟು ಹಾಕುವುದು. ತಿಂಗಳ ಎರಡನೆಯ ಮಂಗಳವಾರ, ಗುಡಿಸುವವರು ಏಳಕ್ಕೆ ಬರುವುದರೊಳಗೆ ಶುರು.

ಹಿಂದೆಲ್ಲ ಮುಗಿಸುವಷ್ಟರಲ್ಲಿ ಹನ್ನೊಂದು ಹೊಡೆಯುತ್ತಿತ್ತು. ಒಂಬತ್ತು ವರ್ಷ ಸರಾಸರಿ ನೂರು ಮೀಟರಿಗೆ ಸಾವಿರದ ಆರುನೂರ ಚಿಲ್ಲರೆ. ಎರಡು ವರ್ಷದ ಹಿಂದೆ ಗೂಟಗಳ ನಡುವೆ ಮೂರು ಕಸದ ತೊಟ್ಟಿ ಇಟ್ಟರು. ಸಂಖ್ಯೆ ಧೊಪ್ಪನೆ ಬಿತ್ತು. ಇಪ್ಪತ್ತು, ಹದಿನೇಳು, ಇಪ್ಪತ್ತೆರಡು. ಒಂಬತ್ತು ವರ್ಷ ಬಗ್ಗಿ ಬಗ್ಗಿ ಸವೆದ ಹೆಂಗಸಿಗೆ ಅದೊಂದು ವರವಾಯಿತು. ತೊಟ್ಟಿಯ ಯೋಚನೆ ಪ್ರಯೋಗಾಲಯದ ಸಾಹೇಬರದು, ಎಣಿಕೆ ಅವಳದು. ಇಬ್ಬರೂ ಸೇರಿ ವರದಿ ಬರೆದರು. ದೊಡ್ಡ ಸಭೆಯೊಂದರಲ್ಲಿ ಅದನ್ನು ಓದಿದರು. ಅಲ್ಲಿ ಕೊಟ್ಟ ಪ್ರಶಸ್ತಿಪತ್ರ ಕಟ್ಟು ಹಾಕಿಸಿಕೊಂಡು ಸಾಹೇಬರ ಬೆನ್ನ ಹಿಂದಿನ ಗೋಡೆಯಲ್ಲಿದೆ. ನವೆಂಬರಿನಲ್ಲಿ ಅವಳ ನಿವೃತ್ತಿ. ಇನ್ನೆರಡು ವರ್ಷ ಮುಂದುವರಿಸಬೇಕೆಂದು ಸಾಹೇಬರು ಮೇಲಕ್ಕೆ ಬರೆದಿದ್ದರು.

ಇಷ್ಟು ನೆಟ್ಟಗಿದ್ದ ಮೇಲೂ ಹಿಂದಿನ ಸಂಜೆ ಅವಳ ಮನೆಯಲ್ಲಿ ಒಲೆಯ ಮೇಲಿನ ಚಹಾ ಉಕ್ಕಿ ಆರಿತು, ಯಾರೂ ಏಳಲಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ಇರುವವರು ಇಬ್ಬರೇ, ಲೆಕ್ಕದಮ್ಮ ಮತ್ತು ಅವಳ ನಾದಿನಿ. ಗಂಡ ತೀರಿಕೊಂಡ ಮೇಲೂ ಅವನ ತಂಗಿ ಅತ್ತಿಗೆಯನ್ನು ಬಿಟ್ಟು ಹೋಗಿರಲಿಲ್ಲ. ಅದೇ ತೀರದಲ್ಲಿ ಕಸ ಗುಡಿಸುವ ಹದಿನಾಲ್ಕು ಜನರಲ್ಲಿ ಒಬ್ಬಳು. ಏಪ್ರಿಲ್ ಒಂದರಿಂದ ಏಳೇ ಜನ ಸಾಕು ಎಂಬ ಕಾಗದವನ್ನು ಅವಳು ಮೇಜಿನ ಮೇಲೆ ಬಿಡಿಸಿಟ್ಟಿದ್ದಳು. ಸೇರಿದ ವರ್ಷದ ಪ್ರಕಾರ ಅವಳದು ಹದಿಮೂರನೆಯ ಹೆಸರು.

"ಎರಡನೇ ಸಾಲು ಓದಿ ಅತ್ತಿಗೆ. ತೀರ ಈಗ ಚೊಕ್ಕಟವಾಗಿದೆ ಅಂತ ಸಾಬೀತಾಗಿದೆಯಂತೆ. ಯಾರ ವರದಿ ಅಂತಾನೂ ಹಾಕಿದ್ದಾರೆ."

"ನಾನು ನಿಮ್ಮನ್ನ ತೆಗೀರಿ ಅಂತ ಬರೆದಿಲ್ವಲ್ಲೇ."

"ಅಯ್ಯೋ, ನಿಮ್ಮನ್ನ ಯಾರು ಬೈದರು? ನಲವತ್ತಾರು ವರ್ಷಕ್ಕೆ ನನ್ನನ್ನ ಇನ್ಯಾರು ಕರೀತಾರೆ ಅಂತ ಯೋಚನೆ ಅಷ್ಟೇ."

ಲೆಕ್ಕದಮ್ಮ ರಾತ್ರಿಯಿಡೀ ತನಗೆ ತಾನೇ ಹೇಳಿಕೊಂಡಳು: ಸಂಖ್ಯೆಯನ್ನು ಯಾರ ಮುಖ ನೋಡಿಯೂ ಬದಲಿಸಲಿಕ್ಕಾಗದು. ಅದು ನಿಜವೇ. ಆದರೂ ಬೆಳಿಗ್ಗೆ ನಾದಿನಿ ಚಹಾದ ಲೋಟ ಕೈಗಿತ್ತಾಗ ಮುಖ ಕೊಟ್ಟು ಮಾತಾಡಲಾಗದೆ ಚಪ್ಪಲಿ ಹುಡುಕುವ ನೆಪ ಮಾಡಿದ್ದಳು.

ಎಣಿಸುವ ಮೊದಲು ಟೇಪು ಹಾಕುವುದು ಅವಳ ನಿಯಮ. ಗೂಟ ಇರುವಾಗ ಟೇಪು ಯಾಕಮ್ಮಾ ಎಂದು ಕೊಡೆಯವನು ನಕ್ಕರೂ ಬಿಟ್ಟಿರಲಿಲ್ಲ. ಮೆಟ್ಟಿಲ ಪಕ್ಕದ ಮೊದಲ ಗೂಟದಿಂದ ಐವತ್ತು ಮೀಟರು ಬಿಚ್ಚಿದಳು, ಕಡ್ಡಿ ನೆಟ್ಟಳು, ಮತ್ತೆ ಬಿಚ್ಚಿದಳು. ಟೇಪು ಪೂರ್ತಿ ಮುಗಿಯುವ ಮೊದಲೇ ಎರಡನೆಯ ಗೂಟ ಎದುರಾಯಿತು. ಬಗ್ಗಿ ನೋಡಿದರೆ ಇಪ್ಪತ್ತೆಂಟು. ಅಂದರೆ ಮೊದಲಿಂದ ಎಪ್ಪತ್ತೆಂಟು. ಹೋದ ವಾರದ ದೊಡ್ಡ ಅಲೆಗಳಿಗೆ ಗೂಟ ಬಿದ್ದಿತ್ತು, ಯಾರೋ ಮತ್ತೆ ನೆಟ್ಟಿದ್ದರು, ತಪ್ಪು ಜಾಗದಲ್ಲಿ.

ಗೂಟ ತಪ್ಪಾದರೇನು, ಟೇಪು ಇದೆಯಲ್ಲ. ಉಳಿದ ಇಪ್ಪತ್ತೆರಡು ಮೀಟರು ಎಳೆದುಕೊಂಡು ಹೋಗಿ ನೂರಕ್ಕೆ ಕಡ್ಡಿ ನೆಟ್ಟು, ನಡು ನೆಟ್ಟಗೆ ಮಾಡಿ ತಿರುಗಿದಳು. ಅಷ್ಟರಲ್ಲಿ ಬೆಳಕು ಹರಿದಿತ್ತು.

ಮರಳಿನ ಮೇಲೆ ಗೆರೆ ಎಳೆದಂತಿತ್ತು. ಗೂಟದ ಆಚೆ, ಮೆಟ್ಟಿಲವರೆಗೂ, ಒದ್ದೆ ಗೋಣಿ ಎಳೆದು ಸಮ ಮಾಡಿದ ನುಣ್ಣನೆಯ ನೆಲ. ಈಚೆ, ಅವಳ ಕಾಲ ಬುಡದಲ್ಲಿ, ನಿನ್ನೆಯ ಜನಜಾತ್ರೆಯೆಲ್ಲ ಹಾಗೇ ಬಿದ್ದಿತ್ತು. ಒಡೆದ ಗಾಳಿತುಂಬುವ ಹಾಸಿಗೆ, ಕಾಗದದ ಲೋಟಗಳು, ಮಕ್ಕಳ ಒಂಟಿ ಚಪ್ಪಲಿ, ಮರಳಲ್ಲಿ ನೆಟ್ಟುಹೋದ ಸಿಗರೇಟು ತುದಿಗಳ ಸಾಲು. ಮೂರನೆಯ ತೊಟ್ಟಿ ನಿಂತಿದ್ದೂ ಈ ಭಾಗದಲ್ಲೇ. ತೊಟ್ಟಿಗೆ ಗೂಟ ಎಲ್ಲಿದೆಯೆಂದು ಹೇಗೆ ಗೊತ್ತಾಗುತ್ತದೆ?

ಅವಳು ಕೂತುಕೊಳ್ಳಲಿಲ್ಲ. ಕೂತರೆ ಏಳುವುದು ಕಷ್ಟ. ಎಣಿಸಿದಳು. ಎಪ್ಪತ್ತೆಂಟು ಮೀಟರಿನಲ್ಲಿ ಹದಿನಾಲ್ಕು. ಇಪ್ಪತ್ತೆರಡು ಮೀಟರಿನಲ್ಲಿ ಮುನ್ನೂರ ತೊಂಬತ್ತೊಂದು. ಹಾಳೆಯ ಅಂಚಿನಲ್ಲಿ ಭಾಗಾಕಾರ ಮಾಡಿದಳು: ಈಚಿನ ಭಾಗದ ಲೆಕ್ಕದಲ್ಲಿ ನೂರು ಮೀಟರಿಗೆ ಸಾವಿರದ ಏಳುನೂರ ಎಪ್ಪತ್ತೇಳು. ತೊಟ್ಟಿ ಇಡುವುದಕ್ಕೆ ಮುಂಚೆ ಎಷ್ಟಿತ್ತೋ ಅದಕ್ಕಿಂತ ಒಂದು ಕೈ ಜಾಸ್ತಿಯೇ.

ನೂರು ಮೀಟರಿನ ಹೊರಗಿನ ಕಸ ಎರಡು ವರ್ಷವೂ ಅವಳ ಕಣ್ಣಿಗೆ ಬಿದ್ದಿತ್ತು. ಅಲ್ಲಿ ತೊಟ್ಟಿಯಿಲ್ಲ, ಅದಕ್ಕೇ ಎಂದುಕೊಂಡಿದ್ದಳು. ಅಳತೆಯ ಹೊರಗಿನದನ್ನು ನೋಡದಿರುವುದನ್ನು ಅವಳು ಶಿಸ್ತು ಎಂದು ಕಲಿತಿದ್ದಳು.

ಎಂಟೂವರೆಗೆ ನಾದಿನಿ ಕಸ ಬಾಚುವ ಉದ್ದ ಹಿಡಿಯ ಹಲ್ಲುಕೋಲನ್ನು ಹೆಗಲ ಮೇಲಿಟ್ಟುಕೊಂಡು ಬಂದಳು. ಕಲ್ಲುಗೋಡೆಗೆ ಒರಗಿ ನಿಂತಿದ್ದ ಅತ್ತಿಗೆಯನ್ನು ನೋಡಿ, "ಏನು, ಇನ್ನೂ ಮುಗಿದಿಲ್ವಾ? ಹದಿನೈದು ಎಣಿಸೋಕೆ ಎಷ್ಟು ಹೊತ್ತು?" ಎಂದಳು.

"ಹದಿನೈದು ಅಂತ ನಿನಗೆ ಯಾರು ಹೇಳಿದರು?"

ನಾದಿನಿಯ ನಗು ಅರ್ಧಕ್ಕೇ ನಿಂತಿತು.

"ಆ ಗೂಟ ನೆಟ್ಟವರು ಯಾರು?"

"ನಾನೇ. ನೂರು ಅಂತ ತಾನೇ ಇದ್ದದ್ದು? ಮೆಟ್ಟಿಲಿಂದ ನೂರು ಹೆಜ್ಜೆ ಎಣಿಸಿ ನೆಟ್ಟೆ. ಯಾಕೆ, ತಪ್ಪಾಯ್ತಾ?"

"ನೂರು ಹೆಜ್ಜೆ ನೂರು ಮೀಟರಲ್ಲ ಕಣೇ," ಎಂದಳು ಲೆಕ್ಕದಮ್ಮ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಷ್ಟು ಶಕ್ತಿ ಉಳಿದಿರಲಿಲ್ಲ. "ಎಷ್ಟು ದಿನದಿಂದ?"

ನಾದಿನಿ ಕೋಲನ್ನು ಗೋಡೆಗೆ ಆನಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನಿಮ್ಮ ಸೊಂಟ ಹಿಡ್ಕೊಂಡಿತ್ತಲ್ಲ, ಮೂರು ವಾರ ಹಾಸಿಗೆ ಹಿಡಿದಿರಲ್ಲ, ಅದಾದ ಮೇಲೆ. ಸಾವಿರದ ಆರುನೂರು ಸಲ ಬಗ್ಗಿದರೆ ಮತ್ತೆ ಮಲಗ್ತೀರಿ ಅಂತ ಡಾಕ್ಟರು ಹೇಳಿದ್ದು ನಾನೇ ಕೇಳಿಸ್ಕೊಂಡಿದ್ದೆ. ಇಲ್ಲೇ ಹತ್ತಿರದಲ್ಲಿ ಇರೋ ನಾಲ್ಕು ಜನಕ್ಕೆ ಹೇಳಿದೆ. ಎರಡನೇ ಮಂಗಳವಾರ ಐದು ಗಂಟೆಗೆ ಬಂದು, ಕೈಲಿ ಆಯ್ದು, ಹೆಜ್ಜೆ ಗುರುತು ಅಳಿಸಿ ಹೋಗೋರು. ಸರದಿ ಮೇಲೆ."

"ಹದಿನೈದು, ಇಪ್ಪತ್ತು ಯಾಕೆ ಬಿಡ್ತಿದ್ರಿ?"

"ಪೂರಾ ಖಾಲಿ ಇದ್ದರೆ ನಿಮಗೆ ಅನುಮಾನ ಬರ್ತಿತ್ತು. ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ?"

ಲೆಕ್ಕದಮ್ಮನಿಗೆ ನಗು ಬಂತು. ನಗುವುದಕ್ಕೆ ಹೋದರೆ ಸೊಂಟ ಚಳಕ್ ಎಂದಿತು. ತೊಟ್ಟಿ ಇಟ್ಟದ್ದೂ ಸೊಂಟ ಹಿಡಿದದ್ದೂ ಒಂದೇ ತಿಂಗಳು. ಎರಡು ಕಾರಣ ಒಟ್ಟಿಗೆ ಬಂದಾಗ ಯಾವುದರಿಂದ ಏನಾಯಿತೆಂದು ಬೇರ್ಪಡಿಸಿ ನೋಡಬೇಕೆಂದು ಅವಳು ಕಾಲೇಜಿನಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು.

"ನೀವು ಗುಡಿಸಿದ್ದನ್ನ ನಾನು ತೊಟ್ಟಿ ಗುಡಿಸಿತು ಅಂತ ಬರೆದೆ," ಎಂದಳು ಮೆಲ್ಲಗೆ. "ಅದಕ್ಕೇ ನೀವು ಬೇಡ ಅಂತ ಕಾಗದ ಬಂತು."

ನಾದಿನಿಗೆ ಆಗ ತಟ್ಟಿತು. "ಅಯ್ಯೋ ದೇವರೇ," ಎಂದು ತಲೆಯ ಮೇಲೆ ಕೈ ಹೊತ್ತು ಗೋಡೆಯ ಬುಡದಲ್ಲೇ ಕುಕ್ಕರಿಸಿದಳು.

ಹನ್ನೊಂದೂವರೆಗೆ ಪ್ರಯೋಗಾಲಯದಲ್ಲಿ ಸಾಹೇಬರು ಹಾಳೆಯನ್ನು ಎರಡು ಸಲ ನೋಡಿದರು, ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ, ಅವರಿಗೂ ಸುಸ್ತಾಗಿತ್ತು. ಗಾಜಿನ ಶೀಷೆಗಳ ಕಪಾಟು, ಕೆಟ್ಟುಹೋದ ಫ್ಯಾನು, ಮೂರು ಜನರ ಕೆಲಸ ಮಾಡುವ ಇಬ್ಬರು.

"ಮೇಡಂ, ಒಂದು ಕೆಲಸ ಮಾಡೋಣ. ಈ ತಿಂಗಳದ್ದು ನಾನೂರ ಐದು ಅಂತ ಕಳಿಸಿ. ಜಾಸ್ತಿಯಾಗಿದೆ ಅಂತ ಗೊತ್ತಾಗುತ್ತೆ. ಹಳೇದನ್ನ ಕೆದಕೋದು ಬೇಡ."

"ಇಪ್ಪತ್ತನಾಲ್ಕು ತಿಂಗಳ ಸರಾಸರೀಲಿ ಈ ನಾನೂರ ಐದು ಕರಗಿಹೋಗುತ್ತೆ ಸಾರ್. ಏಳು ಜನರನ್ನ ತೆಗೆಯೋ ಪಟ್ಟಿ ನಿಲ್ಲಲ್ಲ."

"ಹಳೇದನ್ನ ಹೊಡೆದುಹಾಕಿದರೆ ವರದಿ ಹೋಯ್ತು. ಅದೂ," ಎಂದು ಹಿಂದೆ ತಿರುಗದೆ ಹೆಬ್ಬೆರಳಿನಿಂದ ಗೋಡೆಯ ಕಟ್ಟನ್ನು ತೋರಿಸಿದರು. "ನಿಮ್ಮ ಎರಡು ವರ್ಷದ ಮುಂದುವರಿಕೆ ನಿಂತಿರೋದೂ ಅದರ ಮೇಲೇನೇ. ಗೊತ್ತು ತಾನೇ?"

"ಗೊತ್ತು ಸಾರ್."

"ಮೇಲಿನವರು ಕೇಳ್ತಾರೆ, ಗುಡಿಸಿದವರು ಯಾರು ಅಂತ. ಹೆಸರು ಕೊಡ್ತೀರಾ?"

ಮೆಟ್ಟಿಲಿನಿಂದ ಪ್ರಯೋಗಾಲಯದವರೆಗೆ ಬಸ್ಸಿನಲ್ಲಿ ಅವಳು ಯೋಚಿಸಿದ್ದು ಇದೊಂದನ್ನೇ. "ಗುಡಿಸೋರು ಗುಡಿಸಿದರು ಸಾರ್, ಅದು ಅವರ ಕೆಲಸ. ಎಣಿಸೋ ಜಾಗ ಎಲ್ಲರಿಗೂ ಕಾಣೋ ಹಾಗೆ ಹಳದಿ ಬಳಿದವಳು ನಾನು. ದಿನ ಮೊದಲೇ ಸಾರಿದವಳೂ ನಾನು. ತಪ್ಪು ಅಳತೆಯ ಕ್ರಮದಲ್ಲಿದೆ ಅಂತ ಬರೀತೀನಿ. ಅದು ನಿಜಾನೇ."

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. "ಬರೀರಿ," ಎಂದರು ಕೊನೆಗೆ. "ನನ್ನ ರುಜುವೂ ಇರುತ್ತೆ. ಆದರೆ ಬರೀ ಹಳೇದು ತಪ್ಪು ಅಂದರೆ ಸಾಲದು. ಸರಿಯಾದದ್ದು ಎಷ್ಟು ಅಂತ ಕೇಳ್ತಾರೆ. ಈ ವಾರದೊಳಗೆ ಒಂದು ಹೊಸ ಎಣಿಕೆ ಬೇಕು. ಯಾರಿಗೂ ಗೊತ್ತಾಗಬಾರದು. ಮನೇಲೂ."

ಕಾಗದ ಅಂದೇ ಹೋಯಿತು. ಇಪ್ಪತ್ತನಾಲ್ಕು ತಿಂಗಳ ಸಂಖ್ಯೆಗಳ ಮೇಲೆ ಅವಳು ಒಂದೊಂದಾಗಿ ಅಡ್ಡಗೆರೆ ಎಳೆದಳು, ಪ್ರತಿ ಗೆರೆಯ ಪಕ್ಕ ರುಜು ಹಾಕಿದಳು. ಬುಧವಾರ ಸಂಜೆ ಮೇಲಿನಿಂದ ಉತ್ತರ ಬಂತು: ಹೊಸ ಅಂಕಿ ಕೈಸೇರುವವರೆಗೆ ಏಳು ಜನರ ಪಟ್ಟಿಗೆ ತಡೆ, ಸಹಾಯಕಿಯ ಮುಂದುವರಿಕೆಯ ಕೋರಿಕೆ ತಿರಸ್ಕೃತ. ಎರಡೂ ಒಂದೇ ಹಾಳೆಯಲ್ಲಿದ್ದವು.

ತೀರವನ್ನು ನೂರು ಮೀಟರಿನ ಹದಿನೆಂಟು ತುಂಡು ಮಾಡಿ, ಹದಿನೆಂಟು ಚೀಟಿ ಬರೆದು ಖಾಲಿ ಚಹಾ ಡಬ್ಬಿಯಲ್ಲಿ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತಿದಳು. ಹನ್ನೊಂದನೆಯ ತುಂಡು, ತಂಪು ಪಾನೀಯದ ಅಂಗಡಿಗಳ ಎದುರಿನದು. ಗುರುವಾರ ನಸುಕಿನಲ್ಲಿ ನಾದಿನಿ ಏಳುವ ಮೊದಲೇ ಬಾಗಿಲು ಎಳೆದುಕೊಂಡು ಹೊರಟಳು.

ಏಳಕ್ಕೆ ನಾದಿನಿ ಅವಳನ್ನು ಕಂಡುಹಿಡಿದಳು. "ಇದೇನು, ಕಳ್ಳರ ಹಾಗೆ!" ಎನ್ನುತ್ತ ಓಡಿಬಂದು, ಕಾಲ ಬಳಿ ಕಂಡ ಬಾಟಲಿಗೆ ಕೈ ಚಾಚಿದಳು.

"ಮುಟ್ಟಬೇಡ!"

ನಾದಿನಿ ಬೆಚ್ಚಿ ಕೈ ಹಿಂದೆ ಕಟ್ಟಿಕೊಂಡಳು. ಅತ್ತಿಗೆ ಬಗ್ಗಿದಳು, ಎದ್ದಳು, ಗೀಟು ಹಾಕಿದಳು. ಬಗ್ಗಿದಳು, ಎದ್ದಳು. ಇಪ್ಪತ್ತು ಸಲ ನೋಡುವಷ್ಟರಲ್ಲಿ ನಾದಿನಿಯ ಕಣ್ಣು ತುಂಬಿತು.

"ರಟ್ಟಾದರೂ ಕೊಡಿ ಇತ್ತ. ಗೀಟು ನಾನು ಹಾಕಿದರೆ ನಿಮ್ಮ ವಿಜ್ಞಾನ ಮೈಲಿಗೆಯಾಗುತ್ತಾ?"

ಲೆಕ್ಕದಮ್ಮ ಯೋಚಿಸಿದಳು. "ಗೀಟು ಹಾಕು. ಬಗ್ಗೋದು ನಾನೇ."

ಹೀಗೆ ಇಬ್ಬರೂ ನೀರಿನಂಚಿನಿಂದ ಗೋಡೆಗೆ, ಗೋಡೆಯಿಂದ ನೀರಿನಂಚಿಗೆ ನಡೆದರು. ಒಬ್ಬಳು "ಮುಚ್ಚಳ" ಎನ್ನುವಳು, ಇನ್ನೊಬ್ಬಳು ಗೀಟು ಎಳೆಯುವಳು. ಒಂಬತ್ತಕ್ಕೆ ಪ್ರವಾಸಿಗಳ ಮೊದಲ ಬಸ್ಸು ಬಂತು. ಟೋಪಿ ಹಾಕಿದ ಗಂಡಸೊಬ್ಬ ಅವರು ಆಗಲೇ ದಾಟಿದ ಮರಳಿನ ಮೇಲೆ ಸಿಗರೇಟು ತುದಿ ಎಸೆದು, "ತುಂಬಾ ಒಳ್ಳೇ ಕೆಲಸ ಮಾಡ್ತಿದ್ದೀರಿ" ಎಂದು ಕೈಮುಗಿದು ಹೋದ.

"ಅದನ್ನ ಸೇರಿಸಲಾ?" ಎಂದಳು ನಾದಿನಿ ಹಲ್ಲು ಕಚ್ಚಿ.

"ನಾವು ದಾಟಿದ ಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ."

"ಅವನನ್ನ?"

"ಅವನಿಗೆ ಹಾಳೇಲಿ ಮನೆ ಇಲ್ಲ. ಮುಂದೆ ನಡಿ."

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಕೊನೆಯ ಗೆರೆ ಮುಟ್ಟಿದರು. ಲೆಕ್ಕದಮ್ಮ ಗೋಡೆಗೆ ಎರಡೂ ಕೈ ಊರಿ ತಲೆ ತಗ್ಗಿಸಿ ನಿಂತಳು. ನಾದಿನಿ ಒಂದು ಅಂಗೈಯನ್ನು ಅವಳ ಸೊಂಟಕ್ಕೆ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದು, ಐದೈದರ ಕಟ್ಟುಗಳನ್ನು ಗಟ್ಟಿಯಾಗಿ ಕೂಡಿದಳು. ಲೆಕ್ಕದಮ್ಮ ಹಾಳೆ ಇಸಿದುಕೊಂಡು ತಾನೂ ಒಮ್ಮೆ ಕೂಡಿದಳು. ಎರಡೂ ತಾಳೆಯಾದವು. ನೂರು ಮೀಟರಿಗೆ ಸಾವಿರದ ಎಂಟುನೂರ ನಲವತ್ತಾರು.