ಗಿಲ್ಮಮ್ಮ ಕೂರಿಸಿದ ರೆಡಿಮೇಡ್ ಸುರುಳಿ

೧

ಎಲ್ಲಿಂದ ಶುರುಮಾಡಲಿ? ಸುರುಳಿಯಿಂದ ಶುರುಮಾಡಿದರೆ ಕಥೆ ಯಂತ್ರದ್ದಾಗುತ್ತದೆ. ಮಗನಿಂದ ಶುರುಮಾಡಿದರೆ ಓದುವವರು ಮೊದಲ ಸಾಲಿಗೇ ಅಯ್ಯೋ ಪಾಪ ಎಂದುಬಿಡುತ್ತಾರೆ. ಆಮೇಲೆ ಅವನು ಏನು ಮಾಡಿದರೂ ಪಾಪವೇ. ತಾಯಿಯಿಂದ ಶುರುಮಾಡೋಣವೆಂದರೆ ಆಕೆ ನನ್ನ ಕೆಳಗಿನ ಮನೆಯಲ್ಲೇ ಇದ್ದಾರೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತು.

"ಮೊದ್ಲು ನನ್ನ ಕೈ ಬಗ್ಗೆ ಬರೀರಿ ಮೇಷ್ಟ್ರೇ," ಎಂದರು. "ಮುಖದ್ದು ಬೇಡ. ಮುಖ ಕೆಟ್ಟೋಗಿದೆ."

ಸರಿ, ಕೈ. ಗಿಲ್ಮಾ ರೋಸಾ ಎಂಬ ಅರವತ್ತೆರಡು ವರ್ಷದ ಹೆಂಗಸಿನ ಕೈ. (ಇಲ್ಲಿಯವರು 'ದೋನ್ಯಾ ಗಿಲ್ಮಾ' ಎನ್ನುತ್ತಾರೆ. ನನ್ನ ನಾಲಿಗೆಗೆ 'ಗಿಲ್ಮಮ್ಮ' ಸಲೀಸು. ಹನ್ನೆರಡು ವರ್ಷದಿಂದ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದೇನೆ.) ನಾವಿರುವ ಈ ಪೆರೇರಾ ಊರಿನ ಪಕ್ಕದಲ್ಲೇ, ಸೇತುವೆ ದಾಟಿದರೆ ಸಿಗುವ ಜೀನ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಜಿಪ್ಪು ಕೂರಿಸಿದ ಕೈ. ಬಲ ಹೆಬ್ಬೆರಳಿನ ಉಗುರಿನಲ್ಲಿ ಮಿಷನ್ ಸೂಜಿ ಹೊಕ್ಕು ಹೊರಬಂದ ಕಪ್ಪು ಕಲೆ.

೨

ಮೊದಲ ಡ್ರಾಫ್ಟು "ಬೆಟ್ಟದ ಮೇಲಿನ ಊರಿಗೆ ಮಂಜು ಇಳಿಯುತ್ತಿತ್ತು" ಎಂದು ಶುರುವಾಗಿತ್ತು. ಹರಿದೆ. ಮಂಜು ಇಲ್ಲಿ ದಿನವೂ ಇಳಿಯುತ್ತದೆ, ಅದಕ್ಕೆ ಯಾರ ಮನೆಯ ಸುದ್ದಿಯೂ ಬೇಕಿಲ್ಲ.

ಎರಡನೆಯದರಲ್ಲಿ ಮಗನೇ 'ನಾನು, ನಾನು' ಎನ್ನುತ್ತ ನಾಲ್ಕು ಪುಟ ಮಾತಾಡಿದ್ದ. ಗಿಲ್ಮಮ್ಮನಿಗೆ ಓದಿಹೇಳಿದೆ. "ನಮ್ ಫಾಬೆರ್ ಇಷ್ಟುದ್ದ ಮಾತಾಡಿದ್ದನ್ನ ಅವನ್ನ ಹೆತ್ತಾಗಿಂದ ನಾನು ಕೇಳಿಲ್ಲ," ಎಂದರು. ಅದೂ ಹೋಯಿತು.

ಇನ್ನು ಉಳಿದದ್ದು, ನಡೆದದ್ದನ್ನು ನಡೆದ ಹಾಗೆ ಹೇಳುವುದು. ಆಧುನಿಕೋತ್ತರ ಲೇಖಕನಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

೨ (ಮತ್ತೆ)

ಫಾಬೆರ್ ಗಿಲ್ಮಮ್ಮನ ಒಬ್ಬನೇ ಮಗ. ಮನೆಗಳಿಗೆ ಫಾಲ್ಸ್ ಸೀಲಿಂಗ್ ಹಾಕುವ ಕೆಲಸ. ಸಿಗರೇಟು ಬಿಡಲೆಂದು ವೇಪ್, ಅಂದರೆ ಬ್ಯಾಟರಿ ಸಿಗರೇಟು, ಹಿಡಿದವನು ವೇಪಿನ ಹುಚ್ಚಿಗೇ ಬಿದ್ದ. ಅಂಗಡಿಯಲ್ಲಿ ಸಿಗುವ, ಮುಗಿದರೆ ಎಸೆಯುವ ಪೆನ್ನಿನಂಥದ್ದಲ್ಲ. ಕೆಳಗೆ ಬ್ಯಾಟರಿಯ ಡಬ್ಬಿ, ಮೇಲೆ ಹಿತ್ತಾಳೆಯ ತಲೆ. ಆ ತಲೆಯ ಮುಚ್ಚಳ ತೆಗೆದರೆ ಪುಟ್ಟ ಕಂಬಗಳು, ಕಂಬಗಳಲ್ಲಿ ತೂತು, ತೂತಿಗೆ ತಿರುಪು. ಅದರಲ್ಲಿ ತಂತಿಯ ಎರಡು ಸುರುಳಿಗಳನ್ನು ನಾವೇ ಕೂರಿಸಬೇಕು, ಅವುಗಳ ಹೊಟ್ಟೆಯೊಳಗೆ ಹತ್ತಿ ತೂರಿಸಬೇಕು, ಹತ್ತಿಗೆ ರಸ ಹನಿಸಬೇಕು. ಗುಂಡಿ ಒತ್ತಿದರೆ ತಂತಿ ಕೆಂಪಾಗುತ್ತದೆ, ರಸ ಆವಿಯಾಗುತ್ತದೆ, ಮನುಷ್ಯ ಎಳೆದುಕೊಳ್ಳುತ್ತಾನೆ. ಫಾಬೆರ್ ಸುರುಳಿಯನ್ನು ಕೈಯಲ್ಲೇ ಸುತ್ತುತ್ತಿದ್ದ. ಭಾನುವಾರ ಊಟವಾದ ಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತು, ಕೂದಲಿಗಿಂತ ಸಣ್ಣ ತಂತಿಯನ್ನು ದಪ್ಪ ತಂತಿಯ ಮೇಲೆ ಸುತ್ತಿ, ಅದನ್ನು ಸ್ಕ್ರೂಡ್ರೈವರಿನ ಕಡ್ಡಿಗೆ ಸುತ್ತಿ. ಬೇರೆ ಬಡಾವಣೆಗಳಿಂದ ಜನ ಬಂದು ಕೇಳಿ ಒಯ್ಯುತ್ತಿದ್ದರು.

ಮೂವತ್ಮೂರನೆಯ ವಯಸ್ಸಿಗೆ ಸಾಂತಾ ರೋಸಾ ರಸ್ತೆಯ ತಿರುವಿನಲ್ಲಿ ಬೈಕು ಜಾರಿ ಕುತ್ತಿಗೆಯ ಮೂಳೆ ಮುರಿಯಿತು. ತಲೆ ಆಡುತ್ತಿತ್ತು, ಭುಜ ಆಡುತ್ತಿತ್ತು, ಮೊಣಕೈ ಅಷ್ಟಿಷ್ಟು ಮಡಚುತ್ತಿತ್ತು. ಬೆರಳು ಇಲ್ಲ. ಕಾಲು ಇಲ್ಲ. ಗಟ್ಟಿಯಾಗಿ ಕೆಮ್ಮುವ ಶಕ್ತಿ ಇಲ್ಲ. (ಈ ಕೊನೆಯದನ್ನು ಚಿಕ್ಕ ಸಂಗತಿ ಎಂದು ನಾನೂ ಎಣಿಸಿದ್ದೆ.)

ಗಂಟಲುಗುಳಿಗೆಯ ಹಳೇ ಡಬ್ಬಿಯಲ್ಲಿ ಅವನು ಸುತ್ತಿಟ್ಟ ಸುರುಳಿಗಳು ಉಳಿದಿದ್ದವು. ಹನ್ನೊಂದು ಜೊತೆ. ಆಸ್ಪತ್ರೆಯಿಂದ ಬಂದ ಎರಡನೆಯ ತಿಂಗಳು ಅವನು, "ಅಮ್ಮಾ, ಒಂದು ದಮ್ಮು," ಎಂದ. ಬೇರೇನನ್ನೂ ಕೇಳದವನು. ಗಿಲ್ಮಮ್ಮ ಕನ್ನಡಕ ಹಾಕಿಕೊಂಡು ಕೂತು ಕಲಿತರು. ಒಂದು ಜೊತೆ ತಿಂಗಳ ಮೇಲೆ ಬರುತ್ತಿತ್ತು. ಅವರೇ ಅವನ ತುಟಿಗೆ ಹಿಡಿಯುತ್ತಿದ್ದರು, ಅವರೇ ಗುಂಡಿ ಒತ್ತುತ್ತಿದ್ದರು.

೪

(ಮೂರು ಹರಿದುಹೋಯಿತು. ಅದರಲ್ಲಿ ನಾನು ತಾಯಿಯ ಪ್ರೀತಿಯ ಕುರಿತು ಚಿಂತನೆ ಮಾಡಿದ್ದೆ.)

ಫೆಬ್ರವರಿಯಲ್ಲಿ ಫಾಬೆರ್‌ಗೆ ನ್ಯುಮೋನಿಯಾ ಬಂದು ಹೋಯಿತು. ವಾರಕ್ಕೆರಡು ಸಲ ಮನೆಗೆ ಬಂದು ಅವನ ಎದೆ ತಟ್ಟಿ ಕಫ ಇಳಿಸುತ್ತಿದ್ದ ಥೆರಪಿಸ್ಟ್ ಅಡಿಯೇಲಾ, ಗಿಲ್ಮಮ್ಮನನ್ನು ಅಡಿಗೆಮನೆಗೆ ಕರೆದಳು.

"ಅಮ್ಮಾ, ಇನ್ಮೇಲೆ ಅದು ಬೇಡ. ಇವನಿಗೆ ಕೆಮ್ಮಿ ಹೊರಗೆ ಹಾಕೋ ತಾಕತ್ತಿಲ್ಲ. ಒಳಗೆ ಹೋಗಿದ್ದು ಒಳಗೇ ಕೂರುತ್ತೆ."

"ದಿನಕ್ಕೆ ಎರಡೇ ಎರಡು ದಮ್ಮು ಕಣಮ್ಮಾ."

"ಒಂದೂ ಬೇಡ."

"ಮತ್ತೆ ಅವನಿಗೆ ಏನು ಕೊಡ್ಲಿ? ನೀನೇ ಹೇಳು, ಏನು ಕೊಡ್ಲಿ?"

ಅಡಿಯೇಲಾ ಬೆಲ್ಲದ ನೀರು ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು.

ಗಿಲ್ಮಮ್ಮ ಒಂದು ಲೆಕ್ಕ ಹಾಕಿದರು. ಡಬ್ಬಿಯಲ್ಲಿ ಎರಡು ಜೊತೆ ಉಳಿದಿವೆ. ಅವು ಮುಗಿಯಲಿ. ಮಗನ ಕೈಯಲ್ಲಾದದ್ದು ತಾನಾಗಿ ತೀರಿದರೆ ಅವನೂ ತೀರಿತು ಎಂದುಕೊಳ್ಳುತ್ತಾನೆ. ಬೇಡ ಎನ್ನುವ ಪಾಪ ತನ್ನ ಬಾಯಿಗೆ ಬರುವುದಿಲ್ಲ. ಮೇ ತಿಂಗಳಲ್ಲಿ ಹನ್ನೊಂದನೆಯ ಜೊತೆಯ ಒಂದು ಸುರುಳಿ ಸುಟ್ಟು ತುಂಡಾಯಿತು.

"ಪೇಟೆ ಸೆಂಟರಲ್ಲಿ ಯಾನೆತ್ ಅಂಗಡಿ ಇದೆಯಲ್ಲಮ್ಮ, ರೆಡಿಮೇಡ್ ಸಿಗ್ತವೆ," ಎಂದ ಫಾಬೆರ್.

"ಹೋಗಿದ್ದೆ. ಬಾಗಿಲು ಹಾಕಿದಾಳೆ."

"ಹೌದಾ."

"ಊರು ಬಿಟ್ಟು ಹೋದಳಂತೆ."

"ಹೌದಾ," ಎಂದ ಮತ್ತೆ. ಅಷ್ಟೇ.

ಹದಿನಾರು ದಿನ. ಅವನು ಜಗಳವಾಡಲಿಲ್ಲ, ಅಳಲಿಲ್ಲ. ಜೋಳದ ಅರೆಪಾ ರೊಟ್ಟಿ ಮುರಿದು ಬಾಯಿಗಿಟ್ಟರೆ ಎರಡು ತುತ್ತಿಗೆ ತಲೆ ತಿರುಗಿಸುತ್ತಿದ್ದ. ಟೀವಿಯಲ್ಲಿ ಸೈಕಲ್ ರೇಸು ಹಾಕಿದರೆ ಕಣ್ಣು ಮುಚ್ಚುತ್ತಿದ್ದ. ಹದಿನೇಳನೆಯ ದಿನ ಬೆಳಿಗ್ಗೆ ಗಿಲ್ಮಮ್ಮ ಮುಖ ಒರೆಸುತ್ತಿದ್ದಾಗ, "ಮುದ್ಕೀ, ನೀನು ಸುಸ್ತಾಗಿದೀಯಾ," ಎಂದ. ಅವನು ತಮಾಷೆಗೆ ಮುದ್ಕಿ ಎನ್ನುವುದು ರೂಢಿ. ಈ ಸಲ ತಮಾಷೆ ಇರಲಿಲ್ಲ.

ಗಿಲ್ಮಮ್ಮ ಒದ್ದೆ ಬಟ್ಟೆಯನ್ನು ಹಾಗೇ ಬಿಟ್ಟು, ಪಕ್ಕದ ಮನೆಯವಳನ್ನು ಕೂರಿಸಿ, ಬಸ್ಸು ಹಿಡಿದು ಸೆಂಟರಿಗೆ ಹೋದರು.

೫

ಅಂಗಡಿ ತೆರೆದೇ ಇತ್ತು. ಯಾನೆತ್ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡಳು.

"ಫಾಬೆರ್ ಹೇಗಿದಾನಮ್ಮ? ಇವತ್ತಿಗೂ ಗಿರಾಕಿಗಳು ಕೇಳ್ತಾರೆ, ಆ ಸೀಲಿಂಗ್ ಹುಡುಗ ಸುತ್ತಿದ್ದು ಇದೆಯಾ ಅಂತ."

"ರೆಡಿಮೇಡ್ ಕೊಡು."

"ಅವನಿಗಾ?" ಯಾನೆತ್ ಹತ್ತು ಸುರುಳಿಯ ಚಿಕ್ಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಟ್ಟಳು. "ತಂತಿಯ ಕಾಲು ಉದ್ದ ಇರುತ್ತೆ, ಅಳತೆ ನೋಡಿ ಕತ್ತರಿಸಿ. ಸುರುಳಿ ಗೋಡೆಗೆ ತಾಕಬಾರ್ದು. ತಾಕ್ತು ಅಂದ್ರೆ ಶಾರ್ಟು."

ಡಬ್ಬಿಯೊಳಗೆ ಮಡಚಿದ ಕಾಗದ, ಇಂಗ್ಲಿಷಿನಲ್ಲಿ ಮತ್ತು ಚೀನಿಯಲ್ಲಿ. ಹಾಗಾಗಿ ಅವರು ಮಹಡಿ ಹತ್ತಿ ನನ್ನ ಬಳಿ ಬಂದರು. ಇನ್‌ಸ್ಟಿಟ್ಯೂಟಿನಲ್ಲಿ ಇಂಗ್ಲಿಷ್ ಕಲಿಸುವವನು ನಾನು.

ಕಥೆಯೊಳಗೆ ನಾನು ಕಾಲಿಟ್ಟದ್ದು ಇಲ್ಲಿ. ಬೇಕಿದ್ದರೆ ನನ್ನನ್ನು ಬಿಟ್ಟೇ ಬರೆಯಬಹುದಿತ್ತು, ಗಿಲ್ಮಮ್ಮ ಬಿಡಲಿಲ್ಲ. ಒಂದೊಂದೇ ಸಾಲು ಓದಿ ಹೇಳಿದೆ. ಕೊನೆಯ ಸಾಲಿಗೆ ಬಂದು ನಿಂತೆ.

"ಮುಗೀತಾ?"

"ಇನ್ನೊಂದು ಸಾಲಿದೆ. ಶ್ವಾಸಕೋಶದ ತೊಂದರೆ ಇರೋರು ಬಳಸಬಾರ್ದು ಅಂತ."

"ಅದು ನಂಗೂ ಗೊತ್ತು. ಅದರಾಚೆ?"

"ಅದರಾಚೆ ಏನಿಲ್ಲ."

"ಮತ್ತೆ ಏಳಿ. ಕೆಳಗೆ ಬಂದು ಕಾಗದ ಹಿಡ್ಕೊಂಡು ನಿಂತ್ಕೊಳ್ಳಿ."

ನಾನು ಎದ್ದೆ. (ಇಲ್ಲಿ ನಾನು ಬೇಡವೆಂದು ವಾದ ಮಾಡಿದ ಒಂದು ಪ್ಯಾರಾ ಬರೆದಿದ್ದೆ. ಸುಳ್ಳು. ನಾನು ವಾದ ಮಾಡಲಿಲ್ಲ, ಚಪ್ಪಲಿ ಹಾಕಿಕೊಂಡೆ.)

೬

ಮಧ್ಯಾಹ್ನದ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಗಿಲ್ಮಮ್ಮ ಮಡಿಲಿನಲ್ಲಿ ಬಿಳಿ ಟವೆಲ್ ಹಾಸಿಕೊಂಡು, ಫಾಬೆರ್‌ಗೆ ಕಾಣುವ ಹಾಗೆ ಕೂತರು. ಯಂತ್ರದ ತಲೆ ತೆಗೆದು, ಹಳೇ ತುಂಡುಗಳನ್ನು ಬಿಚ್ಚಿ, ಕಂಬಗಳನ್ನು ಒರೆಸಿದರು.

"ನಾಲ್ಕೂ ತಿರುಪು ಮೊದ್ಲೇ ಸಡಿಲ ಮಾಡ್ಕೋ," ಎಂದ ಫಾಬೆರ್.

"ಜಿಪ್ಪು ಹೊಲಿದೋಳಿಗೆ ಹೇಳಿಕೊಡ್ತೀಯಾ?"

"ಜಿಪ್ಪಿಗೆ ಕರೆಂಟ್ ಇರಲ್ಲ ಕಣೇ ಮುದ್ಕಿ."

ಹದಿನೇಳು ದಿನದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಗಿಲ್ಮಮ್ಮ ತಲೆ ಎತ್ತಲಿಲ್ಲ.

ಮೊದಲನೆಯ ಸುರುಳಿಯ ಕಾಲನ್ನು ಗಿಡ್ಡವಾಗಿ ಕತ್ತರಿಸಿಬಿಟ್ಟರು. ತಿರುಪು ಬಿಗಿದರೆ ಕಚ್ಚಲು ತಂತಿಯೇ ಇಲ್ಲ, ಪುಳಕ್ಕನೆ ಹೊರಬಂತು. ಫಾಬೆರ್ ನಾಲಿಗೆಯಲ್ಲಿ ಲೊಚ್ ಎಂದ. ಎರಡನೆಯದು ಕೂತಿತು, ಬಿಗಿಯುವಾಗ ತಿರುಪಿನ ಜೊತೆ ತಾನೂ ತಿರುಗಿ ವಾಲಿತು. ಸ್ಕ್ರೂಡ್ರೈವರಿನ ಕಡ್ಡಿಯನ್ನು ಸುರುಳಿಯ ಹೊಟ್ಟೆಯಲ್ಲಿ ತೂರಿಸಿ ಹಿಡಿದು ನೆಟ್ಟಗೆ ಮಾಡಿದರು. ಮೂರನೆಯದನ್ನು ಇನ್ನೊಂದು ಬದಿಗೆ ಕೂರಿಸಿದರು.

"ಮೇಷ್ಟ್ರೇ, ಗೋಡೆಗೆ ತಾಗಿದೆಯಾ ನೋಡಿ. ನನ್ನ ಕಣ್ಣು ನಂಬಬೇಡಿ."

ನಾನು ಬಗ್ಗಿ ನೋಡಿದೆ. ತಾಗಿರಲಿಲ್ಲ.

ಗುಂಡಿಯನ್ನು ಮೆಲ್ಲಗೆ ಒತ್ತಿ ಬಿಟ್ಟರು, ಒತ್ತಿ ಬಿಟ್ಟರು. ಒಂದರ ಅಂಚು ಮೊದಲು ಕೆಂಪಾಯಿತು. ಫಾಬೆರ್ ಹೇಳುವ ಮೊದಲೇ ಇಕ್ಕುಳದಿಂದ ಹಿಂಡಿ ಸುತ್ತುಗಳನ್ನು ಒತ್ತಾಗಿಸಿದರು. ಮತ್ತೆ ಒತ್ತಿದರು. ಈ ಸಲ ಎರಡೂ ಸುರುಳಿ ನಡುವಿನಿಂದ ಹೊತ್ತಿ, ಒಂದೇ ಸಮ ಅಂಚಿಗೆ ಹರಡಿದವು.

ಗಿಲ್ಮಮ್ಮ ಗೆದ್ದವರಂತೆ ಮಗನ ಕಡೆ ತಿರುಗಿಸಿ ಹಿಡಿದರು. "ನೋಡು!"

ಅವನು ಬಹಳ ಹೊತ್ತು ನೋಡಿದ.

"ಇನ್ನೊಂದ್ಸಲ ಒತ್ತು."

ಒತ್ತಿದರು.

"ಎರಡೂ ಒಂದೇ ಥರ ಇದಾವೆ," ಎಂದ. "ನಂದು ಯಾವತ್ತೂ ಇಷ್ಟು ಸಮ ಬರ್ಲಿಲ್ಲ. ಒಂದು ಯಾವಾಗ್ಲೂ ಸ್ವಲ್ಪ ಹಿಂದೆ."

"ನಿಂದು ಕೈಯಲ್ಲಿ ಸುತ್ತಿದ್ದು ಮಗಾ. ಇದು ಮಿಷನ್ನು."

"ಅದನ್ನೇ ಹೇಳ್ತಿರೋದು."

ಗಿಲ್ಮಮ್ಮ ಹತ್ತಿ ತೂರಿಸಿದರು, ತುದಿ ಕತ್ತರಿಸಿದರು, ಮೂಲೆಗಳಿಗೆ ಮೆತ್ತಗೆ ತುರುಕಿದರು. ರಸವನ್ನು ಎಣಿಸಿ ಎಣಿಸಿ ಹನಿಸಿದರು. ಮುಚ್ಚಳ ಹಾಕಿ ಅವನ ತುಟಿಗೆ ಹಿಡಿದರು. ಗುಂಡಿಯ ಮೇಲೆ ಹೆಬ್ಬೆರಳು.

"ಅಮ್ಮಾ," ಎಂದ, ಎಳೆಯುವ ಮೊದಲು. "ಯಾನೆತ್ ಬಾಗಿಲು ಹಾಕಿಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು. ಫೋನಲ್ಲಿ ಅವಳ ಅಂಗಡಿ ಫೋಟೋ ದಿನಾ ಬರುತ್ತೆ, ಪಕ್ಕದ ಮನೆಯೋಳು ಸರಿಸಿ ತೋರಿಸ್ತಾಳೆ."

"ಮತ್ತೆ ಹೇಳ್ಲಿಲ್ಲ ಯಾಕೋ?"

"ನಾನು ಬಿಡೋದಾದ್ರೆ ಬಿಡೋಣ ಅಂತ. ನಿನ್ನ ಸಲುವಾಗಿ. ಆಗ್ಲಿಲ್ಲ."

ಗಿಲ್ಮಮ್ಮ ಒತ್ತಿದರು. ಅವನು ಎಳೆದ. ಆವಿ ಅವನ ಮೂಗಿನಿಂದ ಇಳಿದು ದಿಂಬಿನ ಮೇಲೆ ಹರಡಿತು. ಪೇರಲೆ ಹಣ್ಣಿನ ವಾಸನೆ. ಆಮೇಲೆ ಕೆಮ್ಮು ಬಂತು. ಅವನ ಕೆಮ್ಮು ಕೆಮ್ಮಿನ ಹಾಗೆ ಇರುವುದಿಲ್ಲ, ಯಾರೋ ದೂರದಲ್ಲಿ ಬಾಗಿಲು ತಳ್ಳಿ ಸೋತ ಹಾಗೆ. ಗಿಲ್ಮಮ್ಮ ಅವನ ಹೊಟ್ಟೆಯ ಮೇಲೆ ಅಂಗೈ ಒತ್ತಿ, ಅಡಿಯೇಲಾ ಕಲಿಸಿದಂತೆ, ಅವನ ಬದಲು ತಾವು ಕೆಮ್ಮಿಸಿದರು.

೭

ಇಲ್ಲಿ ಎಂಡಿಂಗುಗಳು.

ಒಂದು: ಫಾಬೆರ್ ನಗುತ್ತಾನೆ, ಬಿಸಿಲು ಅವನ ಮುಖಕ್ಕೆ ಬರುತ್ತದೆ. ಗಿಲ್ಮಮ್ಮ: "ಅವನು ನಗಲಿಲ್ಲ. ಬಿಸಿಲು ಆ ಕೋಣೇಲಿ ಮಂಚದ ಕಾಲು ದಾಟಲ್ಲ."

ಎರಡು: ತಾಯಿ ಯಂತ್ರವನ್ನು ದೊಡ್ಡ ಸೇತುವೆಯ ಮೇಲಿಂದ ನದಿಗೆ ಎಸೆಯುತ್ತಾಳೆ. ಗಿಲ್ಮಮ್ಮ: "ಅಲ್ಲೀವರೆಗೆ ಯಾಕೆ ಹೋಗ್ಲಿ? ನಮ್ಮನೇಲಿ ಕಸದ ಬುಟ್ಟಿ ಇಲ್ವಾ?"

ಮೂರನೆಯದನ್ನು ಅವರಿಗೆ ಓದಿ ಹೇಳುವ ಧೈರ್ಯ ನನಗಾಗಲಿಲ್ಲ. ಅದರಲ್ಲಿ ಫಾಬೆರ್ ಬದುಕಿದ್ದ.

೮

ಊಟವಾದ ಮೇಲೆ ಎರಡು ದಮ್ಮು, ಅದಕ್ಕಿಂತ ಹೆಚ್ಚಿಲ್ಲ ಎಂದು ಇಬ್ಬರೂ ಒಪ್ಪಿಕೊಂಡರು. ಅವನು ಒಮ್ಮೆಯೂ ಮೂರನೆಯದು ಕೇಳಲಿಲ್ಲ. ಮತ್ತೆ ಊಟ ಮಾಡತೊಡಗಿದ. ಸೈಕಲ್ ರೇಸು ನೋಡಿದ, ಬಿದ್ದವರನ್ನು ಬೈದ. ಅಡಿಯೇಲಾ ಬಂದ ದಿನ ಪೇರಲೆಯ ವಾಸನೆ ಹಿಡಿದು ಎದೆ ತಟ್ಟಿದಳು, ಎಂದಿಗಿಂತ ಹೆಚ್ಚು ಹೊತ್ತು. ಹನ್ನೊಂದು ವಾರ ಹೀಗೆ.

ಆಗಸ್ಟಿನ ಕೊನೆಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಗುರುವಾರ ಬೆಳಿಗ್ಗೆ ಹೋದ.

ದಮ್ಮಿನಿಂದಾನಾ ಎಂದು ಗಿಲ್ಮಮ್ಮ ಡಾಕ್ಟರನ್ನು ಕೇಳಿದರು. "ಹೇಳೋಕಾಗಲ್ಲ ಅಮ್ಮ. ಇಂಥವರಿಗೆ ಏನೂ ಎಳೀದಿದ್ರೂ ಬರುತ್ತೆ. ಎಳೆದ್ರೆ ಒಳ್ಳೇದಲ್ಲ ಅನ್ನೋದೂ ನಿಜ." ಅಡಿಯೇಲಾಳನ್ನು ಕೇಳಿದರು. ಅವಳು ಅವರನ್ನು ತಬ್ಬಿಕೊಂಡಳು. ಪಾದ್ರಿಯನ್ನು ಕೇಳಿದರು. ದೇವರ ಇಚ್ಛೆ ಎಂದರು. "ಗುಂಡಿ ಒತ್ತಿದ್ದು ದೇವರಲ್ಲ, ನಾನು," ಎಂದು ಬಂದುಬಿಟ್ಟರು.

೯

ಇದನ್ನೆಲ್ಲ ಇಲ್ಲಿಯವರೆಗೆ ಬರೆದು ನಿನ್ನೆ ಅವರಿಗೆ ಓದಿ ಹೇಳಿದೆ. ಸಾಲು ಸಾಲಾಗಿ ನನ್ನ ಭಾಷೆಯಿಂದ ಅವರ ಭಾಷೆಗೆ. ಅವರು ಕೈಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೇಳಿದರು.

"ಕೊನೆ ಎಲ್ಲಿ?"

"ಗೊತ್ತಾಗ್ತಿಲ್ಲ ಗಿಲ್ಮಮ್ಮ."

"ನೀವು ಓದಿದೋರು. ಆವತ್ತು ಆ ಕೋಣೇಲಿ ಇದ್ದೋರು ನೀವೊಬ್ಬರೇ. ಅದಕ್ಕೆ ನಿಮ್ಮನ್ನ ಕೇಳ್ತೀನಿ. ನಾನು ಕೇಳ್ದೆ ಅಂತ ಬರೀರಿ. ನೀವೇನು ಹೇಳಿದ್ರಿ ಅಂತ ಬರೀಬೇಡಿ. ಅದು ನಂದು."

ಒಪ್ಪಿದೆ. ಓದುಗರೇ, ಬೇಸರ ಮಾಡಿಕೊಂಡರೆ ಮಾಡಿಕೊಳ್ಳಿ. ನಿಮಗಿಂತ ಮೊದಲು ನಾನು ಅವರಿಗೆ ಮಾತು ಕೊಟ್ಟಿದ್ದೇನೆ.

"ಅದರಿಂದಾನಾ ಮೇಷ್ಟ್ರೇ?" ಎಂದು ಅವರು ಕೇಳಿದರು.

ನಾನು ಹೇಳಿದೆ.

ಅವರು, ಒಲೆಯ ಮೇಲೆ ಬೀನ್ಸ್ ಬೇಯಲಿಟ್ಟು ಬಂದಿದ್ದೇನೆ, ತಳ ಹತ್ತುತ್ತದೆ ಎಂದು ಎದ್ದರು. ಮೂರು ಮೆಟ್ಟಿಲು ಇಳಿದು, ಕಂಬಿ ಹಿಡಿದು ನಿಂತು, ಹಿಂದಿರುಗಿ ನೋಡಿದರು.

"ಇನ್ನೊಂದ್ಸಲ ಹೇಳಿ," ಎಂದರು.