ಕಿರಣ ತಾಕದ ಜಾಗ

ಸತ್ತ ಗಂಡನಿಗೆ ಆ ಲೋಕದಲ್ಲಿ ಸಿಗಲೆಂದು ತಂದ ಕಾಗದದ ಕೋಟು, ಕಾಗದದ ಬೂಟುಗಳನ್ನು ಒಂದೊಂದಾಗಿ ಬೆಂಕಿಗೆ ಹಾಕುತ್ತಿದ್ದ ಸೌಪಿಂಗ್‌ಳ ಕೈಗೆ ಗೇಣುದ್ದದ ಕಾಗದದ ಅಂಗಿಯೊಂದು ಸಿಕ್ಕಿತು.

"ಇದ್ಯಾರಿಗೆ, ಮುನ್‌ಫಾಟ್?"

ಮೈದುನ ತಲೆ ತಗ್ಗಿಸಿದ. "ಗೋರಿ ಗುಡಿಸೋ ಹಬ್ಬಕ್ಕೆ ಅಣ್ಣ ಪ್ರತಿ ವರ್ಷ ಇಂಥದ್ದೊಂದು ತಗೊಂಡು ಗುಡ್ಡಕ್ಕೆ ಹೋಗ್ತಿದ್ರು ಅತ್ತಿಗೆ. ಈ ವರ್ಷದ್ದು ಹಾಗೇ ಉಳ್ಕೊಂಡಿತ್ತು."

"ಗುಡ್ಡದಲ್ಲಿ ಎಲ್ಲಿ?"

"ನಂಗೊತ್ತಿಲ್ಲ. ಯಾರನ್ನೂ ಜೊತೆಗೆ ಕರೀತಿರ್ಲಿಲ್ಲ."

ಬಹಳ ಹಿಂದೆ ನಾಲ್ಕು ವರ್ಷದ ಮಗ ಮೀನಿನ ಕೊಳಕ್ಕೆ ಬಿದ್ದು ಸತ್ತಾಗ ಹಿರಿಯರು ಗಂಡಹೆಂಡತಿ ಇಬ್ಬರನ್ನೂ ಮನೆಯೊಳಗೇ ಕೂರಿಸಿದ್ದರು. ಹೆತ್ತವರು ಮಗುವಿನ ಹೆಣದ ಹಿಂದೆ ಹೋಗುವಂತಿಲ್ಲ, ಆ ಮಣ್ಣಿಗೆ ಗುರುತಿನ ಕಲ್ಲೂ ಇಲ್ಲ. ಹಾಗಾದರೆ ಗಂಡ ಕ್ವೊಕ್‌ಸಾಮ್ ಕದ್ದು ಹಿಂದೆ ಹೋಗಿದ್ದ! ಮಣ್ಣು ಮಾಡಿದವರು ಎಂದೋ ತೀರಿಕೊಂಡಿದ್ದರು. ಆ ಜಾಗ ಬಲ್ಲ ಕೊನೆಯವನು ಈಗ ಶವಪೆಟ್ಟಿಗೆಯಲ್ಲಿ ಮಲಗಿದ್ದ.

ಆಚೆ ನೆಂಟನೊಬ್ಬ ಮೆಲ್ಲಗೆ ನಗುತ್ತಿದ್ದ. "ಸೂಪಿಲ್ದೆ ಒಂದು ತುತ್ತು ಇಳೀತಿರ್ಲಿಲ್ಲ ಇವನಿಗೆ. ಪರಲೋಕದ ಸೇತುವೆ ಹತ್ರ ಆ ಮುದುಕಿ ಸತ್ತೋರಿಗೆ ಮರೆವಿನ ಸೂಪ್ ಕೊಡ್ತಾಳಲ್ಲ, ಎರಡು ಬಟ್ಟಲು ಕುಡೀತಾನೆ ನೋಡ್ತಿರಿ!"

ಕುಡಿಯಬೇಡ ಮಾರಾಯ, ಎಂದು ಸೌಪಿಂಗ್ ಮನಸ್ಸಿನಲ್ಲೇ ಬೇಡಿಕೊಂಡು ಅಂಗಿಯನ್ನು ಬೆಂಕಿಗಿಟ್ಟಳು.

*

ಕ್ವೊಕ್‌ಸಾಮ್‌ನ ಮೂಗಿನ ಹಿಂದೆ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಗ್ವಾಂಗ್‌ಝೌ ಆಸ್ಪತ್ರೆಯ ಡಾಕ್ಟರಮ್ಮ ಪರದೆಯ ಮೇಲೆ ಅವನ ಮಿದುಳನ್ನು ತೋರಿಸಿ, ಅದರೊಳಗಿನ ಸಣ್ಣ ಭಾಗವೊಂದರ ಸುತ್ತ ಹಸಿರು ಗೆರೆ ಎಳೆದಳು. "ನೆನಪು ಕೂಡಿಡೋ ಜಾಗ ಇದು. ಗಡ್ಡೆಗೆ ಕೊಡೋ ಕಿರಣ ಕಮ್ಮಿ ಮಾಡೋ ಹಾಗಿಲ್ಲ. ಆದ್ರೆ ಇಲ್ಲಿಗೆ ಆದಷ್ಟು ಕಮ್ಮಿ ಬೀಳೋ ಹಾಗೆ ಹೊಂದಿಸ್ತೀವಿ."

"ಗಡ್ಡೆ ಹೋದ್ರೆ ಸಾಕು. ನೆನಪು ಹೋದ್ರೆ ಹೋಗ್ಲಿ," ಎಂದಿದ್ದಳು ಸೌಪಿಂಗ್. ಮಗ ಮರೆತುಹೋದರೆ ಇವನಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂಬ ಆಸೆ ಅವಳಿಗೆ.

ಕ್ವೊಕ್‌ಸಾಮ್ ಕೈಮುಗಿದಿದ್ದ. "ರುಚಿ ಹೋಗ್ಲಿ, ಕಿವಿ ಹೋಗ್ಲಿ. ಅದೊಂದು ಉಳಿಸಿಕೊಡಿ ಡಾಕ್ಟ್ರೇ."

ಹಾಗೇ ಆಯಿತು. ಬಾಯಿ ಒಣಗಿತು, ಕಿವಿ ಮಂದವಾಯಿತು, ನೆನಪು ಉಳಿಯಿತು. ಒಂದು ಸಂಜೆ, "ಬಾ, ಗುಡ್ಡದ ಕಡೆ ಹೋಗಿ ಬರೋಣ" ಎಂದ. ಅವನ ಮುಖ ನೋಡಿದರೇ ಮಗನ ವಿಷಯವೆಂದು ಗೊತ್ತಾಯಿತು. ಮಂಡಿನೋವೆಂದು ಅವಳು ಒಳಗೆ ಹೋಗಿಬಿಟ್ಟಳು. ಅವನು ಮತ್ತೆ ಕರೆಯಲಿಲ್ಲ.

*

ದಹನ ಮುಗಿಸಿ ಬರುವಾಗ ವ್ಯಾನು ಗುಡ್ಡದ ಬುಡ ಹಾಯಿತು.

"ನಿಲ್ಸು."

"ಸಾವಿನ ಮನೆಯೋರು ದಾರೀಲಿ ಇಳೀಬಾರ್ದು ಅತ್ತಿಗೆ!"

"ಒಂದ್ಸಲ ನಿಮ್ಮೋರ ಮಾತು ಕೇಳಿ ಮನೇಲಿ ಕೂತಿದ್ದು ಸಾಕು."

ಗುಡ್ಡದ ತುಂಬ ಮಂಜು. ಹುಲ್ಲು ಮುಚ್ಚಿದ ದಿಬ್ಬಗಳೆಲ್ಲ ಒಂದೇ ಥರ ಕಂಡವು. ಇಷ್ಟು ಕಾಲ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಗಂಟಲು ಬಿರಿಯುವಂತೆ ಕೂಗಿದಳು.

"ಪಾಕ್‌ಹೋಯ್! ಊಟಕ್ಕೆ ಬಾರೋ!"

ಹಿಂದೆಯೇ ಓಡಿಬಂದ ಮಗಳು ಕಾಲಾಮ್ ಬೆರಗಾಗಿ ನಿಂತಳು. ಅವಳು ಹುಟ್ಟುವ ಹೊತ್ತಿಗೆ ಆ ಹೆಸರು ಮನೆ ಬಿಟ್ಟಿತ್ತು.

"ಯಾರಮ್ಮ ಅದು?"

"ನಿನ್ನ ಅಣ್ಣ ಕಣೇ."

"ನಂಗೆ ಅಣ್ಣ ಇದ್ನಾ? ಹೇಗಿದ್ದ?"

ಸೌಪಿಂಗ್ ಕಣ್ಣು ಮುಚ್ಚಿದಳು. ಎಷ್ಟು ಹುಡುಕಿದರೂ ಮುಖ ಬರಲಿಲ್ಲ. ಆದರೆ ಬಲಗೈ ತಾನಾಗಿ ತೊಡೆಯ ಪಕ್ಕಕ್ಕೆ ಬಂದು ನಿಂತಿತು.

"ಇಷ್ಟೆತ್ತರ," ಎಂದಳು.

ಹುಲ್ಲಿನ ಮೇಲೆ, ಮಂಜಿನಲ್ಲಿ, ಆ ಕೈ ಅಲ್ಲೇ ಇತ್ತು. ಬೆರಳುಗಳು ಕೂದಲು ಸವರುವಂತೆ ಮೆಲ್ಲಗೆ ಆಡುತ್ತಿದ್ದವು.