ವೆಲ್ಲಿಯ ಪ್ರಾರ್ಥನೆ

ಮಗುವಿನ ದೀಕ್ಷಾಸ್ನಾನದ ದಿನ ಹೆರ್ಸೋನ್ ಹೆಂಡತಿ ಮೆಯ್ಸ್ಕೆಗೆ ಮಾತು ಕೊಟ್ಟಿದ್ದ, ಇನ್ನು ಸಾರಾಯಿ ಮುಟ್ಟುವುದಿಲ್ಲವೆಂದು. ಅವಳೂ ಕಡ್ಡಿ ಮುರಿದಂತೆ ಹೇಳಿದ್ದಳು: "ಇನ್ನೊಂದ್ಸಲ ಮುಟ್ಟಿದ್ರೆ ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ." ಎರಡು ವರ್ಷ ಗಟ್ಟಿಯಾಗಿಯೇ ಇದ್ದ. ಕಳೆದ ವಾರ ತೊಮೊಹೊನ್ ಪಟ್ಟಣದಲ್ಲಿ ಸೋದರಮಾವನನ್ನು ಮಣ್ಣು ಮಾಡಿ ಬಂದು ಕೂತಾಗ ಯಾರೋ ಕೈಗಿಟ್ಟ ಲೋಟವನ್ನು ಬೇಡವೆನ್ನಲು ಆಗಲಿಲ್ಲ.

ಎದೆಭಾರ ತಾಳಲಾರದೆ, ಲವಂಗ ಒಣಹಾಕುವ ಅಂಗಳದಲ್ಲಿ ವೆಲ್ಲಿಯ ಮುಂದೆ ಎಲ್ಲ ಹೇಳಿಕೊಂಡ. ವೆಲ್ಲಿ ಅವರ ಚರ್ಚಿನ ಗಂಡಸರ ಕೂಟಕ್ಕೆ ಹಿರಿಯ, ಇವನ ಮದುವೆಯಲ್ಲಿ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತವನು.

"ಮೆಯ್ಸ್ಕೆಗೆ ನಾನೇ ಹೇಳ್ತೀನಣ್ಣ. ಸ್ವಲ್ಪ ಟೈಮ್ ಕೊಡು."

"ನನ್ನ ಬಾಯಿಂದ ಹೋಗಲ್ಲ ಕಣೋ. ನಾನು, ನೀನು, ದೇವರು, ಅಷ್ಟೇ."

ಮನೆಮನೆಗೆ ಸರದಿಯಲ್ಲಿ ನಡೆಯುವ ಕೂಟ ಆ ಬುಧವಾರ ಹೆರ್ಸೋನನ ಮನೆಗೇ ಬಂದಿತ್ತು. ಅಂಗಳದ ತುಂಬ ಪ್ಲಾಸ್ಟಿಕ್ ಕುರ್ಚಿ. ಒಳಗೆ ಮೆಯ್ಸ್ಕೆ ಬಾಳೆಹಣ್ಣು ಕರಿಯುತ್ತಿದ್ದಳು. ಕೊನೆಯ ಪ್ರಾರ್ಥನೆಗೆ ವೆಲ್ಲಿ ಎದ್ದ, ಎಲ್ಲರೂ ಕಣ್ಣು ಮುಚ್ಚಿದರು. ಕಾಯಿಲೆಯವರಿಗಾಗಿ ಬೇಡಿದ, ಲವಂಗದ ಬೆಲೆಗಾಗಿ ಬೇಡಿದ. ಆಮೇಲೆ ಪುಣ್ಯಾತ್ಮ ದನಿ ನಡುಗಿಸಿಕೊಂಡು, "ಕರ್ತನೇ, ಸಾವಿನ ಮನೇಲಿ ಕುಡಿದು, ಹೆಂಡತಿಗೆ ಮುಚ್ಚಿಟ್ಟು ಒದ್ದಾಡ್ತಿರೋ ನಮ್ಮ ಹೆರ್ಸೋನನ್ನ ಎತ್ತಿ ಹಿಡಿ" ಎಂದ.

ಇಡೀ ಅಂಗಳ ಆಮೆನ್ ಎಂದಿತು. ಹಾಳು ಅಭ್ಯಾಸ, ಹೆರ್ಸೋನನೂ ಆಮೆನ್ ಅಂದುಬಿಟ್ಟ!

ಕಣ್ಣು ಬಿಟ್ಟರೆ ಮೆಯ್ಸ್ಕೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಏನೂ ಆಗದವಳ ಹಾಗೆ ಎಲ್ಲರಿಗೂ ಹಂಚಿದಳು, ವೆಲ್ಲಿಗೂ ಕೊಟ್ಟಳು.

ಬೇಲಿಯೇ ಎದ್ದು ಹೊಲ ಮೇದಿತ್ತು. ಹೆರ್ಸೋನ್ ಗೇಟಿನ ಬಳಿ ವೆಲ್ಲಿಯ ತೋಳು ಹಿಡಿದು ನಿಲ್ಲಿಸಿದ.

"ಯಾಕಣ್ಣ ಹೀಗ್ ಮಾಡ್ದೆ?"

"ನಿನ್ನ ಒಳ್ಳೇದಕ್ಕೇ ಕಣೋ. ನಾನೇನು ಊರೋರ ಹತ್ರ ಹೇಳಿದ್ನಾ? ದೇವರ ಹತ್ರ ಹೇಳ್ದೆ."

ಮುಖಕ್ಕೆ ಎರಡು ಬಿಗಿಯಬಹುದಿತ್ತು. ಕೈ ಎತ್ತದೆ, ಹಲ್ಲು ಕಚ್ಚಿ ಒಳಗೆ ಬಂದ.

ಮೆಯ್ಸ್ಕೆ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ವೆಲ್ಲಿ ನಂಬಿಸಿ ಕತ್ತು ಕೊಯ್ದ ಕಣೇ," ಎಂದ.

"ಸಾವಿನ ಮನೇಲಿ ಒಂದು ಲೋಟ ಕುಡ್ದಿದ್ದನ್ನ ನಾನು ಬೈದು ನುಂಗ್ಕೋತಿದ್ದೆನೇನೋ," ಎಂದಳು ಅವಳು, ತಲೆ ಎತ್ತದೆ. "ಅಷ್ಟು ದಿನ ನನ್ನ ಪಕ್ಕದಲ್ಲೇ ಮಲಗಿದ್ರಿ. ಹೇಳ್ಕೊಳ್ಳೋಕೆ ಅವನು ಬೇಕಾದ. ಅವನು ನಿಮ್ಮ ಕತ್ತು ಕೊಯ್ದ, ಸರಿ. ನನ್ನ ಕತ್ತು ಕೊಯ್ದಿದ್ದು ಯಾರು?"

ಮೆಯ್ಸ್ಕೆ ಚೀಲ ಹೆಗಲಿಗೇರಿಸಿ, ನಿದ್ದೆಹೋಗಿದ್ದ ಮಗುವನ್ನು ಎತ್ತಿಕೊಂಡು ಹೊರಟಳು.